ದೊಡ್ಡಪ್ಪನ ರೈಫಲ್ಲಿಗೆ ದುರ್ಬೀನು ಕೂರಿಸಿದ್ದು

ಎಪ್ಪತ್ತರ ದಶಕದಲ್ಲಿ ನಾನು ಬಾಗೇವಾಡಿಯ ಒಂದು ಲೇಥ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಪಂಪ್‌ಸೆಟ್ಟಿನ ಶಾಫ್ಟು, ಬಂಡಿಯ ಅಚ್ಚು, ಹಿಟ್ಟಿನ ಗಿರಣಿಯ ಬೇರಿಂಗು, ಇವಷ್ಟೇ ನಮ್ಮ ಕೈಗೆ ಬರುತ್ತಿದ್ದ ಸಾಮಾನು. ಶ್ರಾವಣದ ಒಂದು ಬೆಳಿಗ್ಗೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಗೊಳಸಂಗಿ ಕಡೆಯ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಕಂಕುಳಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ರೈಫಲ್ಲು, ಕೈಯಲ್ಲಿ ಅರಿವೆ ಸುತ್ತಿದ ಮೊಳದುದ್ದದ ಕೊಳವೆ. ಅದು ದುರ್ಬೀನು. ಸೊಲ್ಲಾಪುರದಲ್ಲಿ ಗಡಿಯಾರ, ಕ್ಯಾಮೆರಾ ರಿಪೇರಿ ಮಾಡುವವನ ಹತ್ತಿರ ಹುಡುಕಿ ತಂದಿದ್ದರು.

"ಇದನ್ನ ಅದರ ಮ್ಯಾಲೆ ಕುಂದರಿಸಿ ಕೊಡು. ಮಾನೌಮಿಯೊಳಗ ಆಗಬೇಕು" ಎಂದರು.

ಯಾಕೆಂದು ನಾನು ಕೇಳಲಿಲ್ಲ. ಊರಿಗೆಲ್ಲ ಗೊತ್ತಿತ್ತು. ನಮ್ಮೂರಲ್ಲಿ ಮಹಾನವಮಿಯ ಮರುದಿನ, ವಿಜಯದಶಮಿಗೆ, ಜನ ಬನ್ನಿ ಗಿಡದ ಹತ್ತಿರ ಕೂಡುತ್ತಾರೆ. ಹಳ್ಳದ ಒಡ್ಡಿನ ಮುಂದೆ ಒಂದು ತೆಂಗಿನಕಾಯಿ ಕಟ್ಟಿರುತ್ತಾರೆ. ಅರವತ್ತು ಹೆಜ್ಜೆ ದೂರದಿಂದ ಅದಕ್ಕೆ ಒಂದೇ ಒಂದು ಗುಂಡು. ಕಾಯಿ ಒಡೆದ ಮೇಲೆಯೇ ಬನ್ನಿ ಮುರಿಯಬೇಕು, ಒಬ್ಬರಿಗೊಬ್ಬರು ಕೊಟ್ಟು ಬಂಗಾರದಂಗ ಇರೋಣ ಎನ್ನಬೇಕು. ಆ ಗುಂಡಿನ ಮಾನ ಮುತ್ತಜ್ಜನ ಕಾಲದಿಂದ ನಮ್ಮ ಮನೆಯದು. ಹಿಂದಿನ ವರ್ಷ ದೊಡ್ಡಪ್ಪನ ಗುಂಡು ತಪ್ಪಿತ್ತು. ಕಾಯಿ ಹಾಗೇ ತೂಗುತ್ತಿತ್ತು, ಜನ ಬಾಯಿ ಮುಚ್ಚಿಕೊಂಡು ಬನ್ನಿ ಮುರಿದಿದ್ದರು. ಆಮೇಲೆ ಹಿರಿಯರು ಕೂತು, ಇನ್ನೊಂದು ಸಲ ತಪ್ಪಿದರೆ ಮಾನ ಎದುರುಮನೆಗೆ ಹೋಗಲಿ ಎಂದು ತೀರ್ಮಾನ ಮಾಡಿದ್ದರು. ಎದುರುಮನೆಯ ಗೌಡರ ಹತ್ತಿರವೂ ಲೈಸೆನ್ಸಿನ ಜೋಡುನಳಿಗೆಯ ಬಂದೂಕಿತ್ತು. ಅದನ್ನು ಅವರು ಆಗಲೇ ಎಣ್ಣೆ ಹಚ್ಚಿ ಇಟ್ಟಿದ್ದಾರೆಂದು ಸುದ್ದಿ.

ದೊಡ್ಡಪ್ಪನ ಕೈ ನಡುಗುತ್ತಿರಲಿಲ್ಲ. ಕೆಟ್ಟದ್ದು ಕಣ್ಣು. ರೈಫಲ್ಲಿನ ಹಿಂದಿನ ಸೀಳು, ತುದಿಯ ಮಣಿ, ದೂರದ ಗುರಿ, ಮೂರೂ ಒಂದೇ ಗೆರೆಗೆ ಬರಬೇಕು. ಅರವತ್ತು ದಾಟಿದ ಕಣ್ಣಿಗೆ ಒಂದು ಕಂಡರೆ ಇನ್ನೆರಡು ಮಸುಕು. ದುರ್ಬೀನಿನಲ್ಲಾದರೆ ಗುರಿಯ ಮೇಲೆಯೇ ಅಡ್ಡಗೆರೆ ಕೂತಿರುತ್ತದೆ, ಒಂದನ್ನೇ ನೋಡಿದರೆ ಸಾಕು.

ನನಗೆ ಆಗ ಇಪ್ಪತ್ತಾರು ವಯಸ್ಸು, ಮೂಗಿನ ತುದಿಯಲ್ಲಿ ಸಿಟ್ಟು. ನನ್ನಿಂದಾಗದ ಲೇಥ್ ಕೆಲಸ ಜಿಲ್ಲೆಯಲ್ಲೇ ಇಲ್ಲವೆಂಬ ಹಮ್ಮು ಬೇರೆ. ಅಷ್ಟು ವರ್ಷ ನಮ್ಮ ಮನೆಯದಾಗಿದ್ದ ಮಾನ ನನ್ನ ಕಾಲದಲ್ಲಿ ಬೀದಿ ದಾಟಿ ಹೋಗುವುದೆಂದರೇನು! ಅಂಗಡಿಯ ಮಾಲೀಕರ ಒಪ್ಪಿಗೆ ಪಡೆದು, ದೊಡ್ಡಪ್ಪನನ್ನು ಎದುರಿಗೇ ಕೂಡಿಸಿಕೊಂಡು ಕೆಲಸ ಶುರುಮಾಡಿದೆ. ರೈಫಲ್ಲಿನ ನೆತ್ತಿಯ ಮೇಲೆ ಸಣ್ಣ ತೂತು ಕೊರೆದೆ, ತಿರುಪು ಕೂರಲು ಅದರೊಳಗೆ ಚೂಡಿ ಹಾಕಿದೆ, ಉಕ್ಕಿನ ಎರಡು ಬಳೆ ಕಡೆದು ದುರ್ಬೀನನ್ನು ಠೀವಿಯಿಂದ ಕೂರಿಸಿದೆ. ನೋಡಲು ಬಹಳ ಚೆಂದ ಇತ್ತು. ಅಂಗಡಿಗೆ ಬಂದವರೆಲ್ಲ ಹೊಗಳಿದರು.

ಮುಂದಿನ ಭಾನುವಾರ ಊರಾಚೆಯ ಹಾಳುಬಿದ್ದ ಕಲ್ಲಿನ ಕ್ವಾರಿಗೆ ಹೋದೆವು. ದೊಡ್ಡಪ್ಪ ಉಸುಕಿನ ಚೀಲದ ಮೇಲೆ ನಳಿಗೆ ಇಟ್ಟು ಒಂದು ಗುಂಡು ಹಾರಿಸಿದರು. ಆ ರೈಫಲ್ಲಿನ ಕೆಳಗೆ ಒಂದು ಲಿವರ್ ಇರುತ್ತದೆ. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಹಾರಿ ಹೊಸದು ಒಳಗೆ ಬರುತ್ತದೆ. ಅವರು ಲಿವರ್ ತಳ್ಳಿದರು. ಖಾಲಿ ತೋಟಾ ನೆಟ್ಟಗೆ ಮೇಲಕ್ಕೆ ಹಾರಿ ನನ್ನ ದುರ್ಬೀನಿನ ಹೊಟ್ಟೆಗೆ ಟಣ್ಣೆಂದು ಬಡಿದು ಮತ್ತೆ ಒಳಗೇ ಬಿತ್ತು. ಲಿವರ್ ಅಲ್ಲೇ ಸಿಕ್ಕಿಕೊಂಡಿತು.

ಆ ಜಾತಿಯ ರೈಫಲ್ಲು ತೋಟಾವನ್ನು ಪಕ್ಕಕ್ಕಲ್ಲ, ನೆತ್ತಿಯಿಂದಲೇ ಉಗುಳುತ್ತದೆ. ದಿನಗಟ್ಟಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವನು ಒಂದು ಸಲವೂ ಲಿವರ್ ತಳ್ಳಿ ಯೋಚಿಸಿರಲಿಲ್ಲ. ನಾಚಿಕೆಯಿಂದ ನನ್ನ ಮುಖ ಸುಟ್ಟುಹೋಯಿತು.

"ನೀ ಪಂಪ್‌ಸೆಟ್ ರಿಪೇರಿ ಮಾಡಾಂವ. ಅದು ನೀರು ಉಗಳತೈತಿ, ಇದು ಹಿತ್ತಾಳಿ ಉಗಳತೈತಿ. ಉಗಳೂ ಬಾಯಿಗೆ ಅಡ್ಡ ನಿಂತಿ ನೋಡು" ಎಂದು ದೊಡ್ಡಪ್ಪ ನಕ್ಕರು.

"ಒಂದ ಗುಂಡು ಅಲ್ಲೇನು ಹೊಡ್ಯೂದು? ಇದ್ದಂಗ ಇರಲಿ ಬಿಡು" ಎಂದೆ, ತಪ್ಪು ಮುಚ್ಚಿಕೊಳ್ಳಲು.

"ಅರ್ಧ ಮಾಡಿದ ಕೆಲಸ ನಮ್ಮ ಮನಿಗೆ ತರಬ್ಯಾಡ" ಎಂದರು. ಈಗ ನಗು ಇರಲಿಲ್ಲ.

ಮತ್ತೆ ಮೊದಲಿನಿಂದ. ನೆತ್ತಿ ಬಿಟ್ಟು ಎಡಮಗ್ಗುಲಿಗೆ ಒಂದು ಉಕ್ಕಿನ ಪಟ್ಟಿ ಜೋಡಿಸಿ, ಅದರ ಮೇಲೆ ಬಳೆಗಳನ್ನು ಕೂರಿಸಿದೆ. ಎರಡು ಪಟ್ಟಿ ಕೆಟ್ಟವು, ಮೂರನೆಯದು ಕೂತಿತು. ದುರ್ಬೀನು ಎಡಕ್ಕೆ ಸರಿದದ್ದರಿಂದ ಕಣ್ಣೂ ಎಡಕ್ಕೆ ಸರಿಯಬೇಕಾಯಿತು. ಕೆನ್ನೆ ಒರಗಿಸಲು ರೈಫಲ್ಲಿನ ಕಟ್ಟಿಗೆಗೆ ಚರ್ಮದ ಸಣ್ಣ ದಿಂಬು ಕಟ್ಟಿದೆ. ಇನ್ನು ನಳಿಗೆಯ ದಾರಿ ಒಂದು, ದುರ್ಬೀನಿನ ದಾರಿ ಇನ್ನೊಂದು. ಒಂದು ಮನಗೂಳಿಯಲ್ಲಿ, ಇನ್ನೊಂದು ಸಿಂದಗಿಯಲ್ಲಿ ನಿಂತರೆ ಆಗದು, ಎರಡೂ ಅರವತ್ತು ಹೆಜ್ಜೆಗೆ ಸರಿಯಾಗಿ ಕೂಡಬೇಕು. ನಾಲ್ಕು ಭಾನುವಾರ ಕ್ವಾರಿಯಲ್ಲಿ ಕೂತೆವು. ಅವರು ಹೊಡೆಯುವುದು, ನಾನು ಓಡಿ ಹೋಗಿ ರಟ್ಟಿನ ಮೇಲಿನ ತೂತು ನೋಡಿ ಬಂದು ತಿರುಪು ತಿರುಗಿಸುವುದು. ಕೊನೆಯ ಭಾನುವಾರ ಮೂರು ಗುಂಡಿನ ತೂತುಗಳನ್ನು ನನ್ನ ಅಂಗೈ ಮುಚ್ಚಿತು. ನಾನು ಕ್ವಾರಿಯಲ್ಲೇ ಕೇಕೆ ಹಾಕಿದೆ.

ಇನ್ನೇನು ಗೆದ್ದೆವೆಂದುಕೊಂಡಾಗ ಖಂಡೇಪೂಜೆ ಬಂತು. ಅಂದು ಮನೆಯ ಕುಡುಗೋಲು, ಕೊಡಲಿ, ಕುಂಟೆಯ ಕುಡ, ಎಲ್ಲವನ್ನೂ ತೊಳೆದು ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಪೂಜೆಗೆ ಕೂತ ಆಯುಧವನ್ನು ಮರುದಿನ ಆರತಿ ಆಗುವವರೆಗೆ ಮುಟ್ಟುವಂತಿಲ್ಲ. ನಾನು ಬಾಗೇವಾಡಿಯಿಂದ ಬರುವಷ್ಟರಲ್ಲಿ ದೊಡ್ಡವ್ವ ರೈಫಲ್ಲಿಗೂ ಸ್ನಾನ ಮಾಡಿಸಿ ಆಗಿತ್ತು. ದುರ್ಬೀನಿನ ಎರಡೂ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

"ದೊಡ್ಡವ್ವ, ಇದಕ್ಕೂ ನೀರು ಹಾಕಿದೇನು?" ನನ್ನ ದನಿ ಏರಿತ್ತು.

"ಎರಡು ತಂಬಿಗಿ. ಹೊಸದಾಗಿ ಮನಿಗೆ ಬಂದದ್ದು, ಮೈಲಿಗಿ ಹಂಗ ಕುಂದರಿಸಲೇನು? ಕಣ್ಣು ಐತಂದ್ರ ಹಣಿ ಐತಿ. ಹಣಿಗೆ ಇಬತ್ತಿ ಬ್ಯಾಡೇನು?"

ತಲೆ ಚಚ್ಚಿಕೊಳ್ಳಬೇಕೆನಿಸಿತು. ಆದರೆ ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಹೇಗೆ? ಆ ಮನೆಯಲ್ಲಿ ಬಂದದ್ದಕ್ಕೆಲ್ಲ ಆಗುತ್ತಿದ್ದ ಮರ್ಯಾದೆ ಅದಕ್ಕೂ ಆಗಿತ್ತು. ಮುಟ್ಟುವಂತಿಲ್ಲ, ಬಿಚ್ಚುವಂತಿಲ್ಲ. ಹೊಸ್ತಿಲಲ್ಲಿ ಕೂತು ನೋಡುತ್ತಾ ಇದ್ದೆ.

ಮರುದಿನ ಆರತಿಯಾದ ಮೇಲೆ ಗಾಜು ಒರೆಸಿದೆ, ಎಲ್ಲ ಸರಿ ಕಂಡಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಊರೆಲ್ಲ ಬನ್ನಿ ಗಿಡದ ಹತ್ತಿರ ಸೇರಿತು. ಒಡ್ಡಿನ ಮುಂದೆ ಕಾಯಿ ತೂಗುತ್ತಿತ್ತು. ದೊಡ್ಡಪ್ಪ ಒಂದು ಮಂಡಿ ಊರಿ, ಕೆನ್ನೆಯನ್ನು ದಿಂಬಿಗೆ ಆನಿಸಿ ದುರ್ಬೀನಿನಲ್ಲಿ ನೋಡಿದರು. ನೋಡಿ ರೈಫಲ್ಲು ಇಳಿಸಿದರು.

"ಏನಾತು?" ಎಂದೆ.

"ಒಳಗ ಮಂಜು ತುಂಬೈತಿ. ಬರೇ ಬೆಳ್ಳಗ ಕಾಣತೈತಿ" ಎಂದರು.

ಎರಡು ತಂಬಿಗೆ ನೀರು ಕೊಳವೆಯೊಳಗೆ ಎಲ್ಲೋ ಇಳಿದು, ಬಿಸಿಲಿಗೆ ಆವಿಯಾಗಿ ಗಾಜಿನ ಒಳಮೈಗೆ ಕೂತಿತ್ತು. ಬಿಚ್ಚಿದರೆ ನಾಲ್ಕು ಭಾನುವಾರದ ಹೊಂದಿಕೆ ಹೋಗುತ್ತದೆ. ದೊಡ್ಡಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ತೋಟಾ ಹೊರಗೆ ತೆಗೆದು ಜೇಬಿಗೆ ಇಟ್ಟುಕೊಂಡರು. ರೈಫಲ್ಲನ್ನು ತೊಡೆಯ ಮೇಲಿಟ್ಟು ಒಳಗಿನ ಮಂಜು ಆರಲೆಂದು ದುರ್ಬೀನಿನ ಮೋರೆಯನ್ನು ಬಿಸಿಲಿಗೆ ತಿರುಗಿಸಿದರು. ಹಾಗೇ ಕೂತರು.

ಜನ ಮೊದಲು ಪಿಸುಗುಟ್ಟಿದರು, ಆಮೇಲೆ ಗೊಣಗಿದರು. ಅರ್ಧ ತಾಸಾಯಿತು. ಎದುರುಮನೆಯ ಗೌಡರು ಹತ್ತಿರ ಬಂದು, "ಯಣ್ಣಾ, ಹೊತ್ತು ಹೊಂಟೈತ್ರಿ. ಅಂದಾಜಿನ ಮ್ಯಾಲೆ ಹೊಡದ ಬಿಡ್ರಿ" ಎಂದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ, ಹಸಿವಿತ್ತು.

"ಹೊತ್ತು ಹೋಗ್ಲಿ. ಕಾಣಲಾರದ್ದು ನಾ ಹೊಡ್ಯಾಂವ ಅಲ್ಲ" ಎಂದರು ದೊಡ್ಡಪ್ಪ.

ಇನ್ನೂ ಬಹಳ ಹೊತ್ತು ಹೋಯಿತು. ಸೂರ್ಯ ಹೊಲದ ಬದುವಿನ ಮೇಲಿನ ಬೇವಿನ ಮರಕ್ಕೆ ತಾಗುವ ಮೊದಲು ಅವರು ಇನ್ನೊಮ್ಮೆ ನೋಡಿ, ಗಾಜು ತಿಳಿಯಾದದ್ದು ಕಂಡು, ತೋಟಾ ಹಾಕಿ, ಮಂಡಿ ಊರಿದರು. ಗುಂಡು ಸಿಡಿಯಿತು. ಕಾಯಿ ಚೂರಾಗಿ ನೀರು ಒಡ್ಡಿನ ಮೇಲೆ ಚೆಲ್ಲಿತು. ಅವರು ಲಿವರ್ ತಳ್ಳಿದರು. ಖಾಲಿ ತೋಟಾ ನೆತ್ತಿಯಿಂದ ಹಾರಿ, ಯಾವುದಕ್ಕೂ ಬಡಿಯದೆ, ನನ್ನ ಕಾಲಬುಡಕ್ಕೆ ಬಂದು ಬಿತ್ತು. ಜನರ ಕೂಗಿನ ನಡುವೆ ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ.

ದೊಡ್ಡಪ್ಪ ಎದ್ದು ಬನ್ನಿ ಮುರಿದು ಮೊದಲು ಕೊಟ್ಟದ್ದು ಎದುರುಮನೆಯ ಗೌಡರಿಗೆ. "ಬಂಗಾರದಂಗ ಇರೂಣು. ಬರೂ ವರ್ಷದ ಗುಂಡು ನಿಮ್ಮದು. ನಂದು ಮುಗೀತು" ಎಂದರು. ಗೌಡರು ಬನ್ನಿಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು.

ನನಗೆ ತಡೆಯಲಾಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಸಿಟ್ಟೆಲ್ಲ ಹೊರಗೆ ಹಾಕಿದೆ. "ಕೊಟ್ಟ ಬಿಡೂದಿತ್ತಂದ್ರ ನನ್ನ ಕಡಿಂದ ಎರಡು ತಿಂಗಳು ಯಾಕ ದುಡಿಸಿದಿ? ಗೆದ್ದ ಮ್ಯಾಲೆ ಸೋತಂಗ ಆತಲ್ಲ!"

ಅವರು ನಿಂತರು. ರೈಫಲ್ಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದರು.

"ಹ್ವಾದ ವರ್ಷ ಗುಂಡು ತಪ್ಪಿತಂತ ತಿಳದೀಯಲ್ಲ? ನನಗ ಕಾಯಿನ ಕಂಡಿದ್ದಿಲ್ಲ. ಕಂಡಿಲ್ಲ ಅಂತ ಹೇಳಾಕ ನಾಚಿಕ್ಯಾತು. ಊರ ಮಂದಿ ಎಲ್ಲಾ ನಿಂತಿತ್ತು, ನಾ ಕಾಣಲಾರದ ಹೊಡದೆ. ಗುಂಡು ಒಡ್ಡಿಗೆ ಹೋತು. ಒಡ್ಡಿಗೇ ಹೋಗಬೇಕಂತ ಇತ್ತೇನು? ಯಾರದರ ಮೈಗೆ ಬಿದ್ದಿದ್ರ? ವರ್ಷಪೂರ್ತಿ ಅದನ್ನ ನುಂಗೇನಿ. ಅದು ನನ್ನ ಕಡೀ ಗುಂಡು ಆಗಬಾರದಾಗಿತ್ತು, ಅಷ್ಟ."

ಅವರ ಹೆಗಲಿನಿಂದ ರೈಫಲ್ಲು ಇಸಿದುಕೊಂಡು, ಅವರ ಹಿಂದೆ ಮನೆಯವರೆಗೆ ಹೊತ್ತು ನಡೆದೆ.