ನಡುಗಿದ ಕೈಯ ಫೋಟೋ

ನನ್ನ ಅಕ್ಷರ ಚೆನ್ನಾಗಿಲ್ಲ, ಮಾತೂ ಅಷ್ಟೇ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಕ್ಷಮಿಸಿ. ಫೋಟೋ ಪ್ರದರ್ಶನದ ಬಾಗಿಲಲ್ಲಿ ಅಂಟಿಸಲು ನಮ್ಮ ಮಾಮನ ಬಗ್ಗೆ ಒಂದು ಪುಟ ಬರೆದುಕೊಡು ಎಂದು ಡ್ರಾಯಿಂಗ್ ಮೇಷ್ಟ್ರು ಕೇಳಿದ್ದಾರೆ. ಎರಡು ಸಲ ಬರೆದು ಹರಿದೆ. ಇದು ಮೂರನೆಯದು.

ಮಾಮ ಮೂವತ್ತೊಂದು ವರ್ಷ ಸ್ಟುಡಿಯೋ ನಡೆಸಿದವರು. ಗುರುತಿನ ಚೀಟಿಯ ಫೋಟೋಗಳೇ ಹೆಚ್ಚು. ಕೂತವರ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ, "ಉಸಿರು ಹಿಡೀರಿ, ಹೆಂಡತಿ ಬೈಯುವಾಗ ಹಿಡೀತೀರಲ್ಲ, ಹಾಗೆ" ಎನ್ನುತ್ತಿದ್ದರು. ಕ್ಯಾಮೆರಾವನ್ನು ಯಾವಾಗಲೂ ಕೈಯಲ್ಲೇ ಹಿಡಿಯುತ್ತಿದ್ದರು. ಸ್ಟ್ಯಾಂಡನ್ನು ಮುದುಕರ ಊರುಗೋಲು ಎಂದು ಆಡಿಕೊಳ್ಳುತ್ತಿದ್ದರು.

ಅಲ್ಲಿ ನನ್ನದು ತಿದ್ದುವ ಕೆಲಸ. ಪ್ರಿಂಟಿನ ಮೇಲಿನ ಬಿಳಿ ಚುಕ್ಕೆಗಳನ್ನು ಸಣ್ಣ ಕುಂಚದಿಂದ ಮುಚ್ಚುವುದು, ಮೊಡವೆ ಅಳಿಸುವುದು. ಯಾರ ಹತ್ತಿರವೂ ಮಾತಾಡಬೇಕಾಗಿರಲಿಲ್ಲ, ಅದಕ್ಕೇ ಹಿಡಿಸಿತು.

ಆಮೇಲೆ ಮಾಮನ ಕೈ ನಡುಗತೊಡಗಿತು. ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದರೆ ಮುಖಗಳೆಲ್ಲ ಮಂಜು. ಆದರೂ ಸ್ಟ್ಯಾಂಡ್ ಮುಟ್ಟಲಿಲ್ಲ. ಫಿಲ್ಮಿಗೆ ಬೆಳಕು ಬಿದ್ದು ಹಾಳಾಯಿತು ಎಂದು ಹೇಳಿ ಜನರನ್ನು ಮತ್ತೆ ಕೂರಿಸುತ್ತಿದ್ದರು. ಮೂರರಲ್ಲಿ ಒಂದು ಸರಿ ಬರುತ್ತಿತ್ತು. ಕೆಟ್ಟವನ್ನು ಎಸೆಯದೆ ಒಂದು ಡಬ್ಬದಲ್ಲಿ ಹಾಕಿಡುತ್ತಿದ್ದರು.

ಮತ್ತೆ ಕೂರಲು ಬಾರದವಳು ಒಬ್ಬಳೇ, ಟೈಲರಮ್ಮನ ಮಗಳು. ನನಗಿಂತ ಎರಡು ವರ್ಷ ದೊಡ್ಡವಳು. ಫೋಟೋ ತೆಗೆಸಿಕೊಂಡ ಮೇಲೆ ಜ್ವರ ಬಂದು ಹದಿನೈದೇ ದಿನಕ್ಕೆ ಹೋಗಿಬಿಟ್ಟಳು. ಆ ಮನೆಯಲ್ಲಿ ಅವಳ ಬೇರೆ ಫೋಟೋ ಇರಲಿಲ್ಲ. ತಾಯಿ ಬಂದು ಕೇಳಿದಾಗ ಮಾಮ ಅದೇ ಮಾತು ಹೇಳಿದರು, ಬೆಳಕು ಬಿತ್ತು ಎಂದು. ನಾನು ತಲೆ ಎತ್ತದೆ ಚುಕ್ಕೆ ಮುಚ್ಚುತ್ತಾ ಕೂತಿದ್ದೆ.

ಅದಾಗಿ ಮೂರು ವರ್ಷವಾಯಿತು. ಈಚೆಗೆ ಅಂಗಡಿ ಮುಚ್ಚುವಾಗ ಮೇಷ್ಟ್ರಿಗೆ ಆ ಡಬ್ಬ ಸಿಕ್ಕಿತು. ಇದು ಕಲೆ ಎಂದು ಸಂಭ್ರಮಪಟ್ಟು, ದೊಡ್ಡದು ಮಾಡಿಸಿ ತೂಗುಹಾಕಿದರು. ಟೈಲರಮ್ಮನ ಮಗಳ ಫೋಟೋದ ಕೆಳಗೆ 'ಕಾಲದ ಹರಿವು' ಎಂಬ ಚೀಟಿ. ನೋಡುವವರು ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡುತ್ತಾರೆ. ಜೀವ ದೇಹ ಬಿಡುವ ಕ್ಷಣ ಎಂದರು ಒಬ್ಬರು. ಇಂಥ ಮಂಜು ತರಿಸಲು ಎಷ್ಟು ವರ್ಷದ ಸಾಧನೆ ಬೇಕೋ ಎಂದರು ಇನ್ನೊಬ್ಬರು. ಮಾಮ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ತಲೆಯಾಡಿಸಿದರು.

ನಿನ್ನೆ ಟೈಲರಮ್ಮ ಬಂದರು. ಎಲ್ಲರೂ ಹಿಂದೆ ಸರಿಯುವ ಕಡೆ ಅವರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು.

"ಕತ್ತು ಹೀಗೇ ವಾಲಿಸ್ತಿದ್ದಳು. ಇವಳು ನನ್ನ ಮಗಳು" ಎಂದರು. ಆಮೇಲೆ ಮಾಮನ ಕಡೆ ತಿರುಗಿದರು. "ಬೆಳಕು ಬಿತ್ತು ಅಂದಿದ್ರಲ್ಲಣ್ಣ?"

"ಕೈ ನಡುಗಿತ್ತಮ್ಮ" ಎಂದರು ಮಾಮ. "ಗೊತ್ತಾದ್ರೆ ಅಂಗಡಿಗೆ ಯಾರೂ ಬರಲ್ಲ ಅಂತ ಹೆದರಿದೆ. ಮುಖಾನೇ ಇಲ್ಲದ್ದನ್ನ ಹೇಗೆ ಕೊಡೋದು..."

"ಇಷ್ಟಾದ್ರೂ ಕೊಡಬಹುದಿತ್ತು. ಈಗ ಕಣ್ಣು ಮುಚ್ಚಿದ್ರೆ ಅವಳ ಮುಖ ನಂಗೂ ಸರಿಯಾಗಿ ಬರಲ್ಲ."

ಅಷ್ಟು ಹೇಳಿ ಹೋದರು. ಮಾಮ ಇವತ್ತು ಪ್ರದರ್ಶನಕ್ಕೆ ಬರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ.

ನನ್ನ ಹತ್ತಿರ ಕುಂಚವಿದೆ, ಕಣ್ಣು ಮೂಗು ಬರೆಯಲೂ ಬರುತ್ತದೆ. ಆದರೆ ಅವು ಅವಳವಾಗುವುದಿಲ್ಲ. ಅಂಗಡಿಯಲ್ಲಿ ಫೋಟೋ ತೊಳೆಯುವ ಕತ್ತಲೆ ಕೋಣೆಯನ್ನು ಇನ್ನೂ ಖಾಲಿ ಮಾಡಿಲ್ಲ. ನಾಳೆ ಬೆಳಿಗ್ಗೆ ಆ ಫಿಲ್ಮಿನಿಂದ ಒಂದು ಪ್ರಿಂಟ್ ತೆಗೆದು, ಏನೂ ತಿದ್ದದೆ ಟೈಲರಮ್ಮನ ಮನೆಗೆ ಕೊಟ್ಟು, ಅವತ್ತು ನನಗೂ ಗೊತ್ತಿತ್ತು ಎಂದು ಹೇಳಿ ಬರುತ್ತೇನೆ.