ಒಬ್ಬರೇ ಒಡೆಯಬಾರದ ತಂತಿ

ನಮ್ಮ ಮನೆಗೆ ತಂತಿ ಬಂದರೆ ಅದನ್ನು ಕೂಡಲೇ ಒಡೆಯುವ ಹಾಗಿರಲಿಲ್ಲ. ಅದು ಸಾಹೇಬರ ಆಜ್ಞೆ. ಸಾಹೇಬರೆಂದರೆ ಎಪ್ಪತ್ತೊಂದರ ಯುದ್ಧದಲ್ಲಿ ಅಪ್ಪನ ತುಕಡಿಯ ಅಧಿಕಾರಿಯಾಗಿದ್ದವರು, ಧಾರವಾಡದವರು. ಗಡಿಗೆ ಹೊರಡುವ ಮೊದಲು ತಮ್ಮ ಕೈಕೆಳಗಿದ್ದ ಕನ್ನಡದ ಜವಾನರ ಹೆಂಡಂದಿರಿಗೆಲ್ಲ ಅವರೇ ಕೂತು ಕಾಗದ ಬರೆದಿದ್ದರಂತೆ: ತಂತಿ ಬಂದರೆ ಒಬ್ಬರೇ ಒಡೆಯಬೇಡಿ, ಹತ್ತಿರದ ಊರಲ್ಲಿರುವ ಇನ್ನೊಬ್ಬ ಜವಾನನ ಮನೆಯವರನ್ನು ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ಒಡೆಯಿರಿ.

ಹೀಗೆ ಶಿಕಾರಿಪುರದ ನಮ್ಮವ್ವನಿಗೆ ಉಡುತಡಿಯ ಒಬ್ಬ ಹೆಂಗಸು, ಸೊರಬದ ಆಚೆ ಉಳವಿಯ ಒಬ್ಬ ಹೆಂಗಸು ಗಂಟುಬಿದ್ದರು. ನೆಂಟರಲ್ಲ, ಜಾತಿಯವರೂ ಅಲ್ಲ. ನಾನೂ ತಮ್ಮನೂ ಅವರನ್ನು ಉಡುತಡಿಯಮ್ಮ, ಉಳವಿಯಮ್ಮ ಎಂದೇ ಕರೆಯುತ್ತಿದ್ದೆವು. ಆ ಯುದ್ಧದಲ್ಲಿ ಮೂವರ ಪೈಕಿ ತಂತಿ ಬಂದದ್ದು ಉಳವಿಯಮ್ಮನಿಗೆ. ಅದನ್ನು ಒಡೆದದ್ದು ನಮ್ಮವ್ವ.

ಯುದ್ಧ ಮುಗಿದ ಮೇಲೆ ಸಾಹೇಬರು ಉಳವಿಗೆ ಹೋಗಿ ಜಗಲಿಯ ಮೇಲೆ ಕೂತು, "ತಾಯಿ, ನೀವು ಉಣ್ಣೂತನಕ ನಾನೂ ಉಣ್ಣಂಗಿಲ್ಲ" ಎಂದು ಹಟ ಹಿಡಿದು, ಅವಳು ನಾಲ್ಕು ತುತ್ತು ಉಂಡ ಮೇಲೇ ಎದ್ದರಂತೆ. ನಿವೃತ್ತರಾದ ಮೇಲಂತೂ ಪ್ರತಿ ವರ್ಷ ಸಂಕ್ರಾಂತಿ ಕಳೆದ ವಾರ ಕೆಂಪು ಬಸ್ಸಿನಲ್ಲಿ ಬರುವರು, ಮೂರೂ ಮನೆ ಸುತ್ತುವರು. ನನ್ನ ಗಣಿತದ ಅಂಕ ನೋಡಿ, "ಈಕಿ ಏನರ ತೋಪಿನ ಗುರಿ ಲೆಕ್ಕ ಹಾಕಿದ್ಲಂದ್ರ ಗುಂಡು ನಮ್ಮ ಮ್ಯಾಲೇ ಬೀಳ್ತಿತ್ತು ನೋಡ್ರಿ" ಎಂದು ನಗುವರು. ನನಗೆ ಸಿಟ್ಟು ಬರುತ್ತಿತ್ತು. ಆದರೂ ಆ ವಾರಕ್ಕಾಗಿ ವರ್ಷವಿಡೀ ಕಾಯುತ್ತಿದ್ದೆ. ಅಪ್ಪ ಜ್ವರದಲ್ಲಿ ತೀರಿಕೊಂಡಾಗ ಸುದ್ದಿ ಕೇಳಿದ ದಿನವೇ ಓಡಿ ಬಂದರು. ನನ್ನ ತಮ್ಮ ಮಿಲಿಟರಿಗೆ ಸೇರುತ್ತೇನೆಂದಾಗ ಅವ್ವನನ್ನು ಒಪ್ಪಿಸಿದವರೂ ಅವರೇ.

ತೊಂಬತ್ತರ ದಶಕದ ಮೊದಲ ವರ್ಷಗಳು. ತಮ್ಮ ಕಾಶ್ಮೀರದಲ್ಲಿದ್ದ. ಒಂದೂವರೆ ತಿಂಗಳಿಂದ ಅವನ ಕಾಗದವಿರಲಿಲ್ಲ. ನಾನು ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತ ಮನೆಯಲ್ಲಿದ್ದೆ. ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಅವ್ವನ ಹೆಸರಿಗೆ ತಂತಿ ಬಂತು.

ನಾನು ಕೈ ಚಾಚುವಷ್ಟರಲ್ಲಿ ಅವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಬೂತಿಗೆ ಹೋಗಿ ಫೋನ್ ಹಚ್ಚು. ಉಡುತಡಿಗೆ, ಉಳವಿಗೆ. ಅವ್ರು ಬರ್ಲಿ" ಎಂದಳು.

ಎರಡೂ ಊರಿನ ಅಂಗಡಿಗಳಿಗೆ ಫೋನ್ ಮಾಡಿ ಹೇಳಿಸಿದೆ. ಹನ್ನೆರಡಕ್ಕೆ ಉಡುತಡಿಯಮ್ಮ ಬಂದಳು. ಇನ್ನಾದರೂ ಒಡೆಯಬಹುದಲ್ಲ? ಊಹೂಂ.

"ಇನ್ನೊಬ್ರು ಇದ್ರೆ ಸಾಕು ಅಂತಾನೇ ಅಲ್ವೇನವ್ವಾ ಸಾಹೇಬ್ರು ಬರ್ದಿದ್ದು?" ಎಂದು ಕಿರುಚಿದೆ.

"ಉಳವಿಯವಳು ಬರ್ಬೇಕು. ಅವಳ ತಂತಿ ನಾನ್ ಒಡ್ದಿದ್ದೆ. ನನ್ದು ಅವಳೇ ಒಡೀಲಿ."

ಪಿತ್ತ ನೆತ್ತಿಗೇರಿತು. ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಅವ್ವ ಬಾಗಿಲ ಕಂಬಕ್ಕೊರಗಿ ಕೂತೇ ಇದ್ದಳು. ಉಡುತಡಿಯಮ್ಮ ಅವಳ ಕೈ ಹಿಡಿದುಕೊಂಡು ಅಡಿಕೆ ಧಾರಣೆ, ಅಂಬ್ಲಿಗೊಳದ ಅಣೆಕಟ್ಟೆಯ ನೀರು ಎಂದು ಏನೇನೋ ಮಾತಾಡುತ್ತಿದ್ದಳು. ಅವ್ವ ಎಲ್ಲಕ್ಕೂ ಹೂಂಗುಟ್ಟುತ್ತಿದ್ದಳು.

ಉಳವಿಯಮ್ಮ ಸೊರಬ, ಶಿರಾಳಕೊಪ್ಪಗಳಲ್ಲಿ ಬಸ್ಸು ಬದಲಿಸಿ ಬಂದಾಗ ಮೂರೂವರೆ. ಕಾಲೂ ತೊಳೆಯದೆ ಅವ್ವನ ಪಕ್ಕ ಕೂತು, ಅವಳ ಸೆರಗಿನ ಗಂಟು ಬಿಚ್ಚಿ, ತಂತಿ ಒಡೆದು ನನ್ನ ಕೈಗಿತ್ತಳು. ಓದಿದೆ. ಸಾಹೇಬರು ಹಿಂದಿನ ದಿನ ಬೆಳಿಗ್ಗೆ ಹೃದಯಾಘಾತದಿಂದ ತೀರಿಕೊಂಡಿದ್ದರು. ತಂತಿ ಕೊಟ್ಟವರು ಅವರ ಹೆಂಡತಿ.

"ಸದ್ಯ!" ಎಂದಳು ಅವ್ವ.

ಅಷ್ಟು ದೊಡ್ಡ ದನಿಯಲ್ಲಿ. ಆಮೇಲೆ ತಾನೇನಂದೆ ಎಂದು ತಿಳಿದು ಬಾಯಿಗೆ ಸೆರಗು ತುರುಕಿಕೊಂಡಳು. ನಾನೂ ಒಳಗೊಳಗೆ ಅದನ್ನೇ ಅಂದಿದ್ದೆ, ಬಾಯಿ ಬಿಡಲಿಲ್ಲ ಅಷ್ಟೆ. ಆಮೇಲೆ ನಾಲ್ವರೂ ಅತ್ತೆವು. ನನ್ನ ಗಣಿತವನ್ನು ಆಡಿಕೊಳ್ಳಲು ಇನ್ನು ಯಾರೂ ಬರುವುದಿಲ್ಲ ಎಂದು ನೆನೆದು ನನಗೆ ತಡೆಯಲಾಗದಷ್ಟು ಅಳು ಬಂತು.

ಮರುದಿನ ಧಾರವಾಡಕ್ಕೆ ಹೊರಡುವುದೆಂದಾಯಿತು. ಅವ್ವ ಮಾತ್ರ ಏಳಲೊಲ್ಲಳು. "ಆ ಪುಣ್ಯಾತ್ಮ ಸತ್ತದ್ದು ಕೇಳಿ ಸದ್ಯ ಅಂದ್ನಲ್ಲೇ! ಯಾವ ಮುಖ ಇಟ್ಕಂಡು ಆಯಮ್ಮನ ಮುಂದೆ ನಿಂತ್ಕಳ್ಲಿ?"

"ಇರೋ ಮುಖಾನೇ ಇಟ್ಕಂಡು ಬಾ" ಎಂದು ಉಳವಿಯಮ್ಮ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು.

ಧಾರವಾಡದ ಮನೆಯಲ್ಲಿ ಸಾಹೇಬರ ಹೆಂಡತಿ ಚಾಪೆಯ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಎದ್ದು ಬಂದರು. ಅವರು ಮುಟ್ಟುವ ಮೊದಲೇ ಅವ್ವ ಕೈ ಮುಗಿದು ಎಲ್ಲ ಹೇಳಿಬಿಟ್ಟಳು. ತಂತಿ ನೋಡಿ ಮಗನದೇ ಸುದ್ದಿ ಅಂದುಕೊಂಡದ್ದು, ಸದ್ಯ ಅಂದದ್ದು, ಎಲ್ಲ. "ನಂಗೆ ಏನ್ ಬೇಕಾದ್ರೂ ಅನ್ರಿ" ಎಂದಳು.

ಅವರು ಒಳಗೆ ಹೋದರು. ಅವ್ವ ಕೈ ಮುಗಿದುಕೊಂಡೇ ನಿಂತಿದ್ದಳು. ಅವರು ಒಂದು ಇನ್‌ಲ್ಯಾಂಡ್ ಕಾಗದ ಹಿಡಿದು ಬಂದರು. ತಮ್ಮನ ಕೈಬರಹ! ಮನೆಗೆ ಎರಡು ಸಾಲು ಗೀಚಲು ಬಿಡುವಿಲ್ಲದ ಕತ್ತೆ, ಸಾಹೇಬರಿಗೆ ಪುಟ ತುಂಬ ಬರೆದಿದ್ದ.

"ನಿನ್ನೆ ಬಂತ್ರಿ. ಇವರನ್ನ ಮಣ್ಣು ಮಾಡಿ ಒಂದು ದಿನಾನೂ ಆಗಿದ್ದಿಲ್ಲ. ನಿಮ್ಮ ಮಗಂದು ಅಂತ ಗೊತ್ತಾಗಿ, ಏನ್ ಬರ್ದಾನೋ ಅಂತ ಅಂಜಿದೆರಿ. ಒಡದು ನೋಡಿದ್ರ, ಅರಾಮ ಅದೀನಿ ಅಂತ ಬರ್ದಾನ. ನಾನೂ ಸದ್ಯ ಅಂದೆರಿ. ಆ ದುಃಖದಾಗೂ ಅಂದೆ. ತಪ್ಪೇನ್ರಿ ಅದು?"

ಅವ್ವ ಕಾಗದವನ್ನು ಎದೆಗೊತ್ತಿಕೊಂಡು ಕುಸಿದು ಕೂತಳು. "ನಿಮ್ದು ಬೇರೆ ರೀ. ನೀವು ಇನ್ನೊಬ್ರ ಮಗನಿಗೆ ಅಂದ್ರಿ. ನಾನು ನಂಗಾಗಿ ಅಂದೆ."

ಉಳವಿಯಮ್ಮ ನಡುವೆ ಬಾಯಿ ಹಾಕಿದಳು. "ಇದೇನ್ ಹೊಸದಾ ಇವಳಿಗೆ? ನನ್ ತಂತಿ ಒಡೆದ ದಿನಾನೂ ಅಂದಿದ್ಲು. ಹೋದವ್ರು ನಮ್ಮನೆಯವ್ರು, ಇವಳ ಗಂಡ ಅಲ್ಲ ಅಂತ ಗೊತ್ತಾದಾಗ. ದನಿ ಬರ್ಲಿಲ್ಲ, ತುಟಿ ಅಲ್ಲಾಡ್ತು. ನಾನ್ ನೋಡಿದ್ದೆ."

ಅವ್ವ ಅವಳತ್ತ ತಿರುಗಿದಳು. "ನೋಡಿದ್ಯಾ? ಮತ್ತೆ ಇಷ್ಟ್ ವರ್ಷ ನನ್ ಜೊತೆ ಹೆಂಗೆ ಮಾತಾಡ್ದೆ?"

"ಅಂದ್ಬಿಟ್ಟು ಮನೆಗೆ ಓಡಿ ಹೋದ್ಯೇನು? ಕೈಕೂಸು ಕಟ್ಕಂಡು ನಮ್ಮನೇಲೇ ಉಳ್ದೆ. ನನ್ ಗದ್ದೆ ಕೊಯ್ದೆ, ಒಕ್ಕಲು ಮಾಡ್ದೆ, ನಂಗೆ ತಲೆ ಬಾಚ್ದೆ. ನಿನ್ ಗಂಡ ಬದ್ಕಿದ್ದ, ಅದ್ಕೇ ನಿಂಗೆ ಕೈಲಾಯ್ತು. ಇಲ್ದಿದ್ರೆ ಇಬ್ರೂ ಮೂಲೇಲಿ ಬಿದ್ಕಂಡಿರ್ತಿದ್ವಿ. ನಿನ್ ತುಟಿ ಅಲ್ಲಾಡಿದ್ ನೋಡಿ ಅವತ್ತು ನಾನೂ ಅಂದಿದ್ದೆ ಕಣೇ, ಸದ್ಯ ಇವಳ ಮನೇಲಾದ್ರೂ ದೀಪ ಇದೆ ಅಂತ."