ಕ್ರಿಸೋಫೊರೊ ಹೊತ್ತುಕೊಂಡ ಕಪ್ಪು ಹಲಗೆ

ನಮ್ಮ ಪರಾಚೊ ಊರಿನಲ್ಲಿ ಗಿಟಾರಿನ ಕುತ್ತಿಗೆಗೆ, ತಂತಿ ಒತ್ತಿ ನುಡಿಸುವ ಬೆರಳಹಲಗೆ ಕೂರಿಸುವುದರಲ್ಲಿ ಕ್ರಿಸೋಫೊರೊನದು ಎತ್ತಿದ ಕೈ. ಹದಿನೇಳನೆಯ ವಯಸ್ಸಿಗೆ ನನ್ನ ಗಂಡ ಎಪಿಫಾನಿಯೊನ ಅಂಗಡಿಗೆ ಬಂದವನು ಮೂವತ್ತೊಂದು ವರ್ಷ ಇದ್ದ. ಮದುವೆಯಾಗಲಿಲ್ಲ. ಮರ ಕೊಳ್ಳುವವರು ಮೊದಲು ಒಂದು ತುಂಡು ತಂದು ಅವನ ಕೈಗಿಟ್ಟು, "ಇದೇನು ಮರ ಹೇಳಪ್ಪ" ಅನ್ನುತ್ತಿದ್ದರು. ಅವನು ಅರದಿಂದ ಒಂದೆಳೆ ಉಜ್ಜಿ, ಮೂಸಿ, ಹೇಳುತ್ತಿದ್ದ. ಅವನು ಹೇಳಿದ ಮೇಲೆ ಎರಡನೆಯವರನ್ನು ಯಾರೂ ಕೇಳುತ್ತಿರಲಿಲ್ಲ. ಅವನಿಗಿದ್ದ ಆಸ್ತಿ ಆ ನಂಬಿಕೆಯೊಂದೇ. ಅದನ್ನು ಕಳೆದವಳು ನಾನು.

ಗಂಡ ತೀರಿಹೋದ ಎರಡನೆಯ ವರ್ಷ ಬೆರಳಹಲಗೆಗೆ ಬೇಕಾದ ಒಳ್ಳೆಯ ಕರಿಮರ ಸಿಗದಾಯಿತು. ಉರುವಾಪಾನ್ ಪಟ್ಟಣದ ಮರದ ವ್ಯಾಪಾರಿ ಬೇರೊಂದು ಕಪ್ಪು ಹಲಗೆ ತೋರಿಸಿದ. ಕಾಗದವನ್ನು ರಾಳದಲ್ಲಿ ನೆನೆಸಿ, ಒತ್ತಿ ಮಾಡಿದ್ದು. ಮಳೆಗೆ ಉಬ್ಬುವುದಿಲ್ಲ, ಚಳಿಗೆ ಬಿರುಕು ಬಿಡುವುದಿಲ್ಲ. ಆರು ಕೊಂಡೆ.

ಕ್ರಿಸೋಫೊರೊ ಉಗುರಿನಿಂದ ತಟ್ಟಿ ನೋಡಿದ.

"ಕೆಟ್ಟದ್ದೇನಲ್ಲ ಅಮ್ಮಾವ್ರೆ, ಗಟ್ಟಿಯಾಗೇ ಇದೆ. ಆದ್ರೆ ಇದು ಮರ ಅಲ್ಲ ಅಂತ ಗಿರಾಕಿಗೆ ಹೇಳ್ಬಿಡಿ."

"ಹೇಳ್ತೀನಪ್ಪ. ನೀನು ಕೂರಿಸು."

ಹೇಳಲಿಲ್ಲ. ಅರಾಂಸಾದ ಹಾಡುಗಾರ ದೋನ್ ನಿಕಾಂದ್ರೊ ಗಿಟಾರ್ ಕೊಳ್ಳಲು ಬಂದಾಗ ಕ್ರಿಸೋಫೊರೊ ಊಟಕ್ಕೆ ಹೋಗಿದ್ದ. "ಹಲಗೆ ಕರಿಮರದ್ದೇ ತಾನೇ?" ಎಂದು ನಿಕಾಂದ್ರೊ ಕೇಳಿದ. ಹೌದೆಂದೆ.

ಮೂರು ವರ್ಷಕ್ಕೆ ಆ ಗಿಟಾರಿನ ಬೆರಳಹಲಗೆಗೆ ಅಡ್ಡಲಾಗಿ ಕೂರಿಸಿದ ಹಿತ್ತಾಳೆ ಮೆಟ್ಟುಗಳು ಸವೆದವು; ಬದಲಿಸಲೆಂದು ನಿಕಾಂದ್ರೊ ತಂದ. ನಾನು ಒಲೆಯ ಮೇಲಿನ ಜೋಳದ ಗಂಜಿ ತಿರುವುತ್ತಿದ್ದೆ. ಮೆಟ್ಟು ಕೀಳುವ ಮೊದಲು ಕಾದ ಕಬ್ಬಿಣದ ಕಡ್ಡಿಯಿಂದ ಅದನ್ನು ಬಿಸಿ ಮಾಡಬೇಕು. ಕ್ರಿಸೋಫೊರೊ ಕಡ್ಡಿ ಇಟ್ಟ ಕೂಡಲೇ ವಾಸನೆ ಎದ್ದಿತು.

"ಏನಯ್ಯಾ, ಪಾದ್ರಿಗಳ ಪುಸ್ತಕ ಸುಡ್ತಿದೀಯಾ?" ಎಂದು ನಿಕಾಂದ್ರೊ ನಕ್ಕ.

"ಕಾಗದ ಕಾದ್ರೆ ಇದೇ ವಾಸ್ನೆ," ಎಂದ ಕ್ರಿಸೋಫೊರೊ, ತಲೆಯೆತ್ತದೆ. ಗಿರಾಕಿಗೆ ಗೊತ್ತಿದೆ ಎಂದೇ ತಿಳಿದಿದ್ದ.

"ಕಾಗದಾನಾ? ಕರಿಮರ ಅಂದ್ರಲ್ಲ ಅಮ್ಮಾವ್ರು!"

ಇಬ್ಬರೂ ನನ್ನ ಕಡೆ ತಿರುಗಿದರು. ಕ್ರಿಸೋಫೊರೊ ನನ್ನ ಮುಖ ನೋಡಿದ. ಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟ.

"ಅವರಿಗೆ ಗೊತ್ತಿಲ್ಲ ದೋನ್. ನಾನೇ ಹಲಗೆ ಬದಲಾಯಿಸ್ದೆ."

"ಥೂ! ಗಂಡ ಸತ್ತ ಹೆಂಗಸಿಗೇ ಟೋಪಿ ಹಾಕಿದ್ಯಲ್ಲೋ! ಇಂಥವನಿಗೆ ಅನ್ನ ಹಾಕ್ತಿದೀರಲ್ಲ ತಾಯಿ!"

ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಗಂಜಿ ತಿರುವಿದೆ.

ಭಾನುವಾರ ಚರ್ಚಿನ ಪೂಜೆ ಮುಗಿದು ಜನ ಹೊರಗೆ ಬರುವಷ್ಟರಲ್ಲಿ ಊರಿಗೆಲ್ಲ ಸುದ್ದಿ. ಆಮೇಲೆ ಅವನ ಕೈಗೆ ಮರದ ತುಂಡು ಇಟ್ಟವರಿಲ್ಲ. ಸೋಮವಾರ ಹತಾರ ಕಟ್ಟಿಕೊಳ್ಳಲು ಬಂದ.

"ನಿಜ ಹೇಳ್ಬಿಡ್ತೀನಿ ಕಣಪ್ಪ," ಎಂದೆ.

"ಬೇಡಿ. ಅಂಗಡಿ ಹೆಸರು ಹೋದ್ರೆ ದೋನ್ ಎಪಿಫಾನಿಯೊ ಹೆಸರೂ ಹೋಗತ್ತೆ. ನಾನು ಒಂಟಿ ಮನುಷ್ಯ, ಹೆಂಗೋ ನಡೆಯತ್ತೆ."

ಆಗ ನನಗೆ ಅಳು ಬರಬೇಕಿತ್ತು. ಬಂದದ್ದು ಸಮಾಧಾನ. ಸುಳ್ಳಿಗಿಂತ ಆ ಸಮಾಧಾನ ನೆನೆದರೇ ಇವತ್ತಿಗೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಗಂಡ ಅಟ್ಟದ ಮೇಲಿಟ್ಟಿದ್ದ, ಅವನ ನೆನಪಿಗೆಂದು ನಾನು ಮುಟ್ಟದೆ ಉಳಿಸಿದ್ದ ಕೊನೆಯ ಕರಿಮರದ ತುಂಡು ಇಳಿಸಿದೆ. ಗಂಡನ ಕೆಲಸ ನೋಡಿ ಕಲಿತಷ್ಟರಲ್ಲೇ ನಿಕಾಂದ್ರೊನ ಗಿಟಾರಿನ ಕಪ್ಪು ಹಲಗೆಯನ್ನು ಬಿಸಿ ಮಾಡಿ, ಚೂರಿ ತೂರಿಸಿ ಎಬ್ಬಿಸಿ, ಹೊಸದನ್ನು ಸರೇಸಿನ ಅಂಟಿನಿಂದ ಕೂರಿಸಿದೆ. ಹನ್ನೊಂದು ದಿನ ಹಿಡಿಯಿತು. ನಿಕಾಂದ್ರೊ ಅದನ್ನು ಚೌಕದಲ್ಲಿ ಹತ್ತು ಜನರೆದುರು ನುಡಿಸಿದ.

"ನೋಡ್ರಪ್ಪ! ಆ ಕಳ್ಳ ಕೆಡಿಸಿದ್ದನ್ನ ಈ ತಾಯಿ ಕೈಯಾರೆ ಸರಿಮಾಡಿದಾಳೆ!" ಎಂದು ನನಗೊಂದು ಕೋಳಿ ಕೊಟ್ಟ.

ಎದುರು ಜಗಲಿಯಲ್ಲಿ ಕ್ರಿಸೋಫೊರೊ ತಾನು ಕಡೆದ ಮರದ ಕಡಗೋಲುಗಳನ್ನು ಹರಡಿಕೊಂಡು ಕೂತಿದ್ದ. ಎಲ್ಲ ಕೇಳಿಸಿತ್ತು. ನನ್ನನ್ನು ಕಂಡು ಟೋಪಿ ಎತ್ತಿದ. ನಾನು ನಿಕಾಂದ್ರೊಗೆ "ದೇವರು ಒಳ್ಳೇದು ಮಾಡ್ಲಿ" ಎಂದು ಹೇಳಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದೆ.

ಇದಾಗಿ ನಾಲ್ಕು ವರ್ಷ. ಅವನು ಈಗಲೂ ಕಡಗೋಲು ಕಡೆಯುತ್ತಾನೆ. ನನಗೆ ಬರುವ ಅಕ್ಷರ ಸ್ವಲ್ಪ. ಇಷ್ಟು ಬರೆಯಲು ಒಂದು ತಿಂಗಳಾಯಿತು. ಹಲಗೆ ಕೊಂಡದ್ದು ನಾನು, ಕರಿಮರ ಎಂದದ್ದು ನಾನು. ಈ ಭಾನುವಾರ ಪೂಜೆ ಮುಗಿದು ಜನ ಹೊರಬರುವಾಗ ಇದನ್ನು ನಿಂತು ಓದುತ್ತೇನೆ. ಬೇಡವೆಂದು ತಡೆದಾನೆಂಬ ಭಯಕ್ಕೆ ಕ್ರಿಸೋಫೊರೊಗೆ ಹೇಳಿಲ್ಲ.